ಕಪ್ಪು-ಬಿಳುಪು ಟೀವಿ ನೋಡುವವರಿಗಾಗಿ

ಫುಟ್‌ಬಾಲ್ ವೀಕ್ಷಕ ವಿವರಣೆಗಾರರು ಬಾಯಿತಪ್ಪಿ ಆಡಿದ ಮಾತುಗಳನ್ನು ಕೂಡಿಡುವ ಚಟ ಇಂಗ್ಲೆಂಡಿನವರಿಗೆ ಹಳೆಯದು. ಲಂಡನ್ನಿನ ‘ಪ್ರೈವೇಟ್ ಐ’ ಎಂಬ ವ್ಯಂಗ್ಯ ಪತ್ರಿಕೆ ಅದಕ್ಕೆಂದೇ ಒಂದು ಅಂಕಣ ನಡೆಸಿತು. ಬಿಬಿಸಿಯ ಡೇವಿಡ್ ಕೋಲ್ಮನ್ ಅವರ ಹೆಸರನ್ನೇ ಅದಕ್ಕಿಟ್ಟು ‘ಕೋಲ್ಮನ್‌ಬಾಲ್ಸ್’ ಎಂದು ಕರೆದರು. ಆಮೇಲೆ ಅವು ಪುಸ್ತಕಗಳಾಗಿಯೂ ಬಂದವು. ಹಾಸ್ಟೆಲಿನಲ್ಲಿ ಶನಿವಾರ ರಾತ್ರಿ ಒಂದೇ ಫೋನಿನ ಮುಂದೆ ಐದು ಜನ ಕೂತು ಪ್ರೀಮಿಯರ್ ಲೀಗ್ ನೋಡುವ ನಮಗೆ ಆಟದಷ್ಟೇ ಇಷ್ಟ ಈ ಮಾತುಗಳು.

‘ಅದು ಒಳಗೆ ಹೋಗಿದ್ದರೆ ಗೋಲ್ ಆಗಿರುತ್ತಿತ್ತು’ ಎಂಬುದು ಕೋಲ್ಮನ್ ಹೆಸರಿನಲ್ಲಿ ಓಡಾಡುವ ಮಾತು. ಮೊದಲ ಸಲ ಕೇಳಿದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಒಂಬತ್ತನೇ ತರಗತಿಗೆ ‘ದ್ರವ್ಯ’ ಪಾಠದ ಯೋಜನೆ ಬರೆಯಲು ಕೂತಾಗ ನಗು ಸ್ವಲ್ಪ ಇಳಿಯಿತು. ಮಂಜುಗಡ್ಡೆ ಏಕೆ ಕರಗಿತು? ಕರಗುವ ಬಿಂದು ತಲುಪಿತು, ಅದಕ್ಕೆ. ಕರಗುವ ಬಿಂದು ಎಂದರೇನು? ಮಂಜುಗಡ್ಡೆ ಕರಗುವ ತಾಪ. ಇದೂ ಒಳಗೆ ಹೋಗಿದ್ದರೆ ಗೋಲ್ ಆಗುತ್ತಿತ್ತು ಎನ್ನುವ ಜಾತಿಯದೇ. ವ್ಯತ್ಯಾಸ ಇಷ್ಟೆ: ಕೋಲ್ಮನ್‌ಗೆ ಜನ ನಕ್ಕರು, ನಮ್ಮ ಉತ್ತರಕ್ಕೆ ಎರಡು ಅಂಕ ಸಿಗುತ್ತದೆ. ಕಣಗಳ ನಡುವಿನ ಆಕರ್ಷಣೆಯ ಮಾತು ಬರುವವರೆಗೆ ಮಗುವಿಗೆ ಹೊಸದೇನೂ ತಿಳಿದಿರುವುದಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಜಾನ್ ಮೋಟ್ಸನ್ ಅವರದೆಂದು ಪ್ರಸಿದ್ಧವಾದ ಮಾತು. ಕುರಿಚರ್ಮದ ಕೋಟು ತೊಟ್ಟು ಸುಮಾರು 50 ವರ್ಷ ಬಿಬಿಸಿಗೆ ಫುಟ್‌ಬಾಲ್ ವಿವರಿಸಿದವರು ಅವರು, 2018ರಲ್ಲಿ ನಿವೃತ್ತರಾದರು. ಬಣ್ಣದ ಟೀವಿ ಇನ್ನೂ ಎಲ್ಲರ ಮನೆಗೆ ಬಾರದ ಕಾಲ. ಅವರು ಹೇಳಿದ್ದು ಹೀಗಂತೆ: ಕಪ್ಪು-ಬಿಳುಪಿನಲ್ಲಿ ನೋಡುತ್ತಿರುವವರ ಗಮನಕ್ಕೆ, ಸ್ಪರ್ಸ್ ತಂಡದವರು ಹಳದಿ ಅಂಗಿ ತೊಟ್ಟಿದ್ದಾರೆ. ಸ್ನೂಕರ್‌ನಲ್ಲಿ ಟೆಡ್ ಲೋ ಎಂಬುವರೂ ಇಂಥದೇ ಮಾತಿಗೆ ಹೆಸರಾದರು: ಕಪ್ಪು-ಬಿಳುಪು ಟೀವಿಯವರಿಗಾಗಿ ಹೇಳುತ್ತೇನೆ, ಗುಲಾಬಿ ಚೆಂಡು ಹಸಿರು ಚೆಂಡಿನ ಪಕ್ಕದಲ್ಲಿದೆ!

ನಗು ಬರುವುದು ನಿಜ. ಆದರೆ ಆ ಮನುಷ್ಯನ ಮನಸ್ಸನ್ನು ನೋಡಿ. ಬಣ್ಣದ ಸೆಟ್ಟು ಕೊಳ್ಳಲಾಗದವನೊಬ್ಬ ಎಲ್ಲೋ ಕೂತು ನೋಡುತ್ತಿದ್ದಾನೆ ಎಂಬುದು ಆಟದ ಗದ್ದಲದ ನಡುವೆಯೂ ಅವರಿಗೆ ನೆನಪಾಗಿದೆ. ನೆನಪಾದದ್ದು ಸರಿ, ಕೈಗೆ ಸಿಕ್ಕ ಸಹಾಯ ಮಾತ್ರ ತಪ್ಪು. ಯಾವುದು ಅವನಿಗೆ ಕಾಣುವುದಿಲ್ಲವೋ ಅದನ್ನೇ ಅವನ ಕೈಗಿಟ್ಟರು. ‘ತಿಳಿ ಬಣ್ಣದ ಅಂಗಿಯವರು’ ಎಂದಿದ್ದರೆ ಅಥವಾ ‘ಎಡದಿಂದ ಬಲಕ್ಕೆ ಆಡುತ್ತಿರುವವರು’ ಎಂದಿದ್ದರೆ ಸಾಕಿತ್ತು. ಹೃದಯದ ಚಿತ್ರ ಬರೆದು, ಕೆಂಪು ಚಾಕಿನದು ಅಪಧಮನಿ, ಹಸಿರು ಚಾಕಿನದು ಅಭಿಧಮನಿ ಎಂದು ನಾವು ಹೇಳುತ್ತೇವಲ್ಲ, ಆಗ ಆ ಎರಡು ಬಣ್ಣ ಬೇರೆ ಮಾಡಲಾಗದ ಹುಡುಗ ಮೂರನೇ ಬೆಂಚಿನಲ್ಲಿ ಕೂತಿರಬಹುದು. ಒಂದಕ್ಕೆ ಗೆರೆ, ಇನ್ನೊಂದಕ್ಕೆ ಚುಕ್ಕಿ ಹಾಕಿದರೆ ಅವನೂ ನಮ್ಮ ಜೊತೆ ಇರುತ್ತಾನೆ.

ರೇಡಿಯೋದವರು ಈ ವಿಷಯದಲ್ಲಿ ಜಾಣರಿದ್ದರು. ಬಿಬಿಸಿ ಮೊದಲ ಸಲ ಫುಟ್‌ಬಾಲ್ ಪಂದ್ಯವನ್ನು ನೇರವಾಗಿ ವಿವರಿಸಿದ್ದು 1927ರ ಜನವರಿ 22ರಂದು, ಹೈಬರಿ ಮೈದಾನದ ಆರ್ಸೆನಲ್-ಶೆಫೀಲ್ಡ್ ಯುನೈಟೆಡ್ ಆಟ. ಮೈದಾನವನ್ನು ಎಂಟು ಚೌಕಗಳಾಗಿ ಗೆರೆ ಹಾಕಿ, ಅಂಕಿ ಕೊಟ್ಟು, ‘ರೇಡಿಯೋ ಟೈಮ್ಸ್’ ಪತ್ರಿಕೆಯಲ್ಲಿ ಮುದ್ರಿಸಿದ್ದರು. ಟೆಡ್ಡಿ ವೇಕ್‌ಲಮ್ ಆಟ ಹೇಳುತ್ತಿದ್ದರೆ, ಇನ್ನೊಂದು ದನಿ ಚೆಂಡಿರುವ ಚೌಕದ ಸಂಖ್ಯೆ ಹೇಳುತ್ತಿತ್ತು. ಒಂದು ವಾರ ಮೊದಲು ಇದೇ ವೇಕ್‌ಲಮ್ ರಗ್ಬಿ ಪಂದ್ಯ ವಿವರಿಸಿದಾಗ ಅವರ ಬಳಿ ಕಣ್ಣು ಕಾಣದ ಒಬ್ಬರನ್ನು ಕೂರಿಸಿ, ಇವರಿಗೆ ಅರ್ಥವಾಗುವ ಹಾಗೆ ಹೇಳಿ ಎಂದಿದ್ದರಂತೆ. ಬೋಧನೋಪಕರಣದ ಬಗ್ಗೆ ಎರಡು ಸೆಮಿಸ್ಟರ್ ಓದಿದ್ದೇನೆ. ಇಷ್ಟು ಸೊಗಸಾದ ಉದಾಹರಣೆ ನಮ್ಮ ನೋಟ್ಸಿನಲ್ಲಿ ಎಲ್ಲೂ ಸಿಗಲಿಲ್ಲ.

ಕೋಲ್ಮನ್ ಹೆಸರಿಗೆ ಇನ್ನೊಂದು ಕಥೆ ಅಂಟಿಕೊಂಡಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕ್ಯೂಬಾದ ಹ್ವಾಂಟೊರೆನಾ ಓಡುವಾಗ ಬಂದ ಒಂದು ಮಾತು, ಕಾಲೇಜಿನ ಪತ್ರಿಕೆಯಲ್ಲಿ ಬರೆಯಲು ಸಂಕೋಚವಾಗುವಂಥದು, ಇಂದಿಗೂ ಕೋಲ್ಮನ್‌ರದೆಂದೇ ಜನ ಹೇಳುತ್ತಾರೆ. ಆಡಿದವರು ರಾನ್ ಪಿಕರಿಂಗ್. ಒಮ್ಮೆ ಹೆಸರು ಬಿದ್ದರೆ ಊರವರ ತಪ್ಪೆಲ್ಲ ಅವರ ಲೆಕ್ಕಕ್ಕೇ.

ಇದನ್ನು ಬರೆಯಲು ಕಾರಣ ನಮ್ಮ ತಂಡದ ಗೆಳತಿ. ಬೋಧನಾಭ್ಯಾಸದ ಎರಡನೇ ದಿನ, ಎಂಟನೇ ತರಗತಿ, ‘ಶಬ್ದ’ ಪಾಠ. ಬೆಳಕು ಶಬ್ದಕ್ಕಿಂತ ವೇಗವಾಗಿ ಚಲಿಸುತ್ತದೆ ಎಂದು ಚೆನ್ನಾಗಿಯೇ ವಿವರಿಸಿ, ಕೊನೆಗೆ, ‘ಆದ್ದರಿಂದ ಮೊದಲು ಗುಡುಗು ಕಾಣುತ್ತದೆ, ಆಮೇಲೆ ಮಿಂಚು ಕೇಳಿಸುತ್ತದೆ’ ಎಂದಳು. ಮಕ್ಕಳು ಗೊಳ್ಳೆಂದು ನಕ್ಕರು. ಅದು ಸಹಜ, ಅವರಿಗೆ ಅರ್ಥವಾಗಿತ್ತು ಎಂಬುದಕ್ಕೆ ಆ ನಗೆಯೇ ಸಾಕ್ಷಿ. ಆ ಕ್ಷಣ ಅವಳ ಕಣ್ಣು ಕಿಟಕಿ ಪಕ್ಕದ ಬೆಂಚಿನಲ್ಲಿ ಏನೋ ಕೇಳಲು ಕೈ ಎತ್ತಿದ ಹುಡುಗಿಯ ಮೇಲಿತ್ತು. ಹಿಂದಿನ ಬೆಂಚಿನಲ್ಲಿ ವೀಕ್ಷಣೆಗೆ ಕೂತ ಪ್ರಶಿಕ್ಷಣಾರ್ಥಿಗಳಿಗೆ ಅದು ಕಾಣಲಿಲ್ಲ. ಅವರಿಗೆ ಗುಡುಗು ಮಾತ್ರ ಕಂಡಿತು.

ಸಂಜೆಯ ಹೊತ್ತಿಗೆ ಅವಳ ಹೆಸರು ‘ಗುಡುಗಮ್ಮ’. ವಾರ ಕಳೆಯುವುದರಲ್ಲಿ ಬೇರೆ ಯಾರೋ ಬೇರೆ ಶಾಲೆಯಲ್ಲಿ ಆಡಿದ ಮಾತುಗಳೂ ಗುಡುಗಮ್ಮನ ಖಾತೆಗೆ ಸೇರಿದವು. ಆಮೇಲಿನ ಆರು ಪಾಠಗಳಲ್ಲಿ ಅವಳು ಒಮ್ಮೆಯೂ ತೊದಲಲಿಲ್ಲ. ಪಾಠಯೋಜನೆಯನ್ನು ಬಾಯಿಪಾಠ ಮಾಡಿ, ಎದುರಿನ ಗೋಡೆ ಗಡಿಯಾರ ನೋಡುತ್ತಾ ಒಪ್ಪಿಸುತ್ತಿದ್ದಳು. ವೀಕ್ಷಣಾ ನಮೂನೆಯ ‘ಭಾಷಾಶುದ್ಧಿ’ ಕಲಮಿನಲ್ಲಿ ಐದಕ್ಕೆ ಐದು ಬಿತ್ತು. ಮಕ್ಕಳು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರು, ಅದಕ್ಕೆ ನಮೂನೆಯಲ್ಲಿ ಕಲಮಿಲ್ಲ.

ಚೆಂಡು ಎಲ್ಲಿದೆ ಎಂದು ನೋಡುತ್ತಲೇ ಮಾತಾಡುವವನ ನಾಲಿಗೆ ಕೆಲವೊಮ್ಮೆ ಜಾರುತ್ತದೆ. ಸ್ಟುಡಿಯೋದಲ್ಲಿ ಕೂತು ಬರೆದದ್ದನ್ನು ಓದುವವನಿಗೆ ಆ ಭಯ ಕಡಿಮೆ. ಹಾಗೆಂದು ತಪ್ಪನ್ನು ಬಿಟ್ಟುಬಿಡಬೇಕೆಂದು ನಾನು ಹೇಳುತ್ತಿಲ್ಲ. ಗುಡುಗು-ಮಿಂಚು ಅದಲುಬದಲಾದರೆ ಆ ಕ್ಷಣವೇ ತಿದ್ದಬೇಕು. ‘ಏನು ತಪ್ಪು ಹೇಳಿದೆ, ಯಾರು ಹೇಳ್ತೀರಿ?’ ಎಂದು ಕೇಳಿದ್ದರೆ ಅದೇ ಮೌಲ್ಯಮಾಪನದ ಪ್ರಶ್ನೆಯಾಗುತ್ತಿತ್ತು. ಆದರೆ ಹಿಂದೆ ಕೂತ ನಾಲ್ಕು ಜನ ಪೆನ್ನು ಹಿಡಿದು ಮುಸಿಮುಸಿ ನಗುತ್ತಿದ್ದರೆ ಅದನ್ನು ಕೇಳುವ ಧೈರ್ಯ ಯಾರಿಗೆ ಬರುತ್ತದೆ?

ಗುರುವಾರ ಅವಳ ಒಂಬತ್ತನೇ ಪಾಠಕ್ಕೆ ವೀಕ್ಷಕ ಸ್ಥಾನದಲ್ಲಿ ನಾನಿದ್ದೆ. ನಮೂನೆಯ ಅಂಚಿನಲ್ಲಿ ಪೆನ್ಸಿಲಿನಿಂದ ನಾನೇ ಒಂದು ಕಲಮು ಎಳೆದುಕೊಂಡೆ: ಎಷ್ಟು ಸಲ ಮಕ್ಕಳ ಕಡೆ ನೋಡಿದಳು. ಮೊದಲ ಇಪ್ಪತ್ತು ನಿಮಿಷ ಖಾಲಿ. ಆಮೇಲೆ ಶ್ರುತಿಕವೆಯನ್ನು ನೀರಿಗೆ ಮುಟ್ಟಿಸಿದಾಗ ಮುಂದಿನ ಬೆಂಚಿನವನ ಮುಖಕ್ಕೆ ನೀರು ಚಿಮ್ಮಿತು. ಅವಳು ಗಡಿಯಾರ ಬಿಟ್ಟು ಅವನತ್ತ ತಿರುಗಿದಳು, ‘ನೀರಿಗೆ ಒದ್ದೆ ಆಯ್ತಾ?’ ಎಂದಳು. ತರಗತಿ ನಕ್ಕಿತು, ಅವಳೂ ನಕ್ಕಳು. ನಾನು ಒಂದು ಗೆರೆ ಎಳೆದೆ.