ಅರ್ಜಿಯ ಕೊನೆಯ ಸಹಿ

ಚಾಲನಾ ಪರವಾನಗಿಯ ಅರ್ಜಿ ತುಂಬುವುದು ಧಾರ್ಮಿಕ ವಿಷಯವೆಂದು ನಮ್ಮಲ್ಲಿ ಹೆಚ್ಚಿನವರು ಭಾವಿಸುವುದಿಲ್ಲ. ಅದು ಆರ್‌ಟಿಓ ಕಚೇರಿಯ ವ್ಯವಹಾರ, ಡ್ರೈವಿಂಗ್ ಸ್ಕೂಲಿನವರು ನೋಡಿಕೊಳ್ಳುತ್ತಾರೆ ಎಂಬ ನಿರಾಳ ಭಾವ. ಶಾಲೆಯಿಂದ ನಿವೃತ್ತನಾದ ಮೇಲೆ ಅಸರ್ ನಮಾಝಿನ ಬಳಿಕ ಮಸೀದಿಯ ಪಕ್ಕದ ಕೋಣೆಯಲ್ಲಿ ಕುಳಿತು ಮೊಹಲ್ಲಾದವರ ಅರ್ಜಿಗಳಿಗೆ ನೆರವಾಗುತ್ತಿರುವ ನನಗೆ ಹಾಗನ್ನಿಸುವುದಿಲ್ಲ.

ಹೆಸರಿನ ತೊಡಕು ಎಲ್ಲರಿಗೂ ಗೊತ್ತಿರುವಂಥದ್ದೇ. ಆಧಾರ್‌ನಲ್ಲಿ ‘ಮೊಹಮ್ಮದ್’, ಶಾಲೆಯ ದಾಖಲೆಯಲ್ಲಿ ‘ಮಹಮ್ಮದ್’, ಪಾಸ್‌ಪೋರ್ಟಿನಲ್ಲಿ ‘ಮುಹಮ್ಮದ್’. ತಂದೆಯ ಹೆಸರು ಒಂದೆಡೆ ಪೂರ್ಣ, ಇನ್ನೊಂದೆಡೆ ಬರೀ ಇನಿಷಿಯಲ್. ಸಾರಥಿ ಜಾಲತಾಣದಲ್ಲಿ ಆಧಾರ್ ಮೂಲಕ ಅರ್ಜಿ ಹಾಕಿದರೆ ಹೆಸರು, ಜನ್ಮದಿನಾಂಕಗಳು ಅಲ್ಲಿಂದಲೇ ಬರುತ್ತವೆ. ಆದ್ದರಿಂದ ಮೊದಲು ಆಧಾರನ್ನು ಸರಿಪಡಿಸಿಕೊಂಡು ಬನ್ನಿ ಎನ್ನುತ್ತೇನೆ. ಬೇಸರಿಸುತ್ತಾರೆ, ಆದರೂ ಹೋಗುತ್ತಾರೆ.

ರಕ್ತದ ಗುಂಪಿನ ವಿಷಯದಲ್ಲಿ ಯಾರಿಗೂ ಬೇಸರವಿಲ್ಲ, ಊಹಿಸಿ ಹೇಳಿಬಿಡುತ್ತಾರೆ. “ಅಣ್ಣನದು ಬಿ ಪಾಸಿಟಿವ್, ನನ್ನದೂ ಅದೇ ಇರಬಹುದು” ಎಂದವರಿದ್ದಾರೆ. ಆಸ್ಪತ್ರೆಯವರು ಪರೀಕ್ಷಿಸದೆ ರಕ್ತ ಕೊಡುವುದಿಲ್ಲ, ನಿಜ. ಆದರೆ ತಿಳಿಯದುದರ ಬೆನ್ನು ಹತ್ತಬಾರದೆಂದೂ ಕಿವಿ, ಕಣ್ಣು, ಹೃದಯಗಳ ಬಗ್ಗೆ ಪ್ರಶ್ನಿಸಲಾಗುವುದೆಂದೂ ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದ 36ನೇ ಸೂಕ್ತವು ಎಚ್ಚರಿಸುತ್ತದೆ. ಅಂಗಾಂಗ ದಾನದ ಪ್ರಶ್ನೆಯೂ ಅರ್ಜಿಯಲ್ಲಿದೆ. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವ ವಿಷಯವದು. ಉಲಮಾಗಳೊಡನೆ, ಮನೆಯವರೊಡನೆ ಮಾತಾಡಿ ಉತ್ತರಿಸಬೇಕಾದುದನ್ನು ಏಜೆಂಟರ ಬೆರಳಿಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ನಿಜವಾದ ಭಾರವಿರುವುದು ನಮೂನೆ 1ರಲ್ಲಿ. ಅದು ದೈಹಿಕ ಸಾಮರ್ಥ್ಯದ ಸ್ವಯಂಘೋಷಣೆ. ನಿಮಗೆ ಮೂರ್ಛೆರೋಗವಿದೆಯೇ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು ಅಥವಾ ತಲೆಸುತ್ತು ಬರುವುದು ಉಂಟೇ? ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲಿರಾ? ಇರುಳುಗಣ್ಣು ಇದೆಯೇ? ಸಾಮಾನ್ಯ ಹಾರನ್ ಕೇಳಿಸದಷ್ಟು ಕಿವುಡುತನವಿದೆಯೇ? ಕೊನೆಯಲ್ಲಿ, ನನಗೆ ತಿಳಿದಮಟ್ಟಿಗೆ ಇವೆಲ್ಲ ಸತ್ಯ ಎಂಬ ಹೇಳಿಕೆ, ಅದರ ಕೆಳಗೆ ಸಹಿ. ‘ಎಲ್ಲದಕ್ಕೂ ಇಲ್ಲ ಅನ್ನಿ’ ಎಂಬುದು ಅನೇಕ ಕಡೆ ಸಿಗುವ ಸಲಹೆ. ಅದನ್ನು ಅಕ್ಷರಶಃ ಪಾಲಿಸಿದವನು ನಂಬರ್ ಪ್ಲೇಟ್ ಗುರುತಿಸಲಾರೆನೆಂದೂ ಘೋಷಿಸಿದಂತಾಗುತ್ತದೆ!

ಮಹಾಪಾಪಗಳನ್ನು ವಿವರಿಸುತ್ತಿದ್ದಾಗ ಪ್ರವಾದಿವರ್ಯರು(ಸ) ಒರಗಿ ಕುಳಿತಿದ್ದರು. ಸುಳ್ಳು ಸಾಕ್ಷ್ಯದ ಮಾತು ಬಂದೊಡನೆ ನೆಟ್ಟಗೆ ಕುಳಿತರು, ಅವರಿನ್ನು ಮೌನವಾದರೆ ಸಾಕೆಂದು ಸಹಾಬಿಗಳಿಗೆ ಅನ್ನಿಸುವಷ್ಟು ಸಲ ಅದನ್ನೇ ಪುನರುಚ್ಚರಿಸಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಇದು ವರದಿಯಾಗಿದೆ. ಸಾಕ್ಷ್ಯ ಎಂದೊಡನೆ ನಮಗೆ ನ್ಯಾಯಾಲಯದ ಕಟಕಟೆ ನೆನಪಾಗುತ್ತದೆ. ನಮ್ಮದೇ ದೇಹದ ಬಗ್ಗೆ ನಾವು ಬರೆದುಕೊಡುವುದೂ ಸಾಕ್ಷ್ಯವೇ. ನಮ್ಮ ವಿರುದ್ಧವೇ ಆದರೂ ಸತ್ಯಕ್ಕೆ ಸಾಕ್ಷಿಯಾಗಿ ನಿಲ್ಲಬೇಕೆಂಬ ಆದೇಶ ಅನ್ನಿಸಾ ಅಧ್ಯಾಯದ 135ನೇ ಸೂಕ್ತದಲ್ಲಿದೆ. ಅದೇ ಅಧ್ಯಾಯದ 92ನೇ ಸೂಕ್ತವು ಪ್ರಮಾದದಿಂದ ವಿಶ್ವಾಸಿಯೊಬ್ಬನನ್ನು ಕೊಂದವನಿಗೂ ಪರಿಹಾರಧನ ಮತ್ತು ಪ್ರಾಯಶ್ಚಿತ್ತವನ್ನು ವಿಧಿಸುತ್ತದೆ. ಬೇಕೆಂದೇ ಮಾಡಲಿಲ್ಲ ಎಂಬ ಒಂದು ಮಾತಿನಿಂದ ಲೆಕ್ಕ ಮುಗಿಯುವುದಿಲ್ಲ.

ಕಳೆದ ವರ್ಷ ಒಬ್ಬ ತಾಯಿ ಮಗನೊಡನೆ ಬಂದರು. ತಂದೆ ಇಲ್ಲದ ಹುಡುಗ. ಗೂಡ್ಸ್ ಆಟೋ ಓಡಿಸಿ ಮನೆ ನಡೆಸಬೇಕೆಂಬ ಆಸೆ. ಮೂರ್ಛೆಯ ಪ್ರಶ್ನೆಯನ್ನು ನಾನು ಓದಿದಾಗ ಇಬ್ಬರೂ ಸುಮ್ಮನಾದರು.

“ಎರಡು ವರ್ಷದಿಂದ ಬಂದಿಲ್ಲ ಮಾಸ್ಟ್ರೇ, ಮಾತ್ರೆ ತಗೊಳ್ತಾನೆ. ಬರೆಯಲೇಬೇಕಾ? ನಾಳೆ ಹೆಣ್ಣು ಕೇಳಲು ಹೋದಾಗ ಯಾರಾದರೂ ಎತ್ತಿ ಆಡಿದರೆ?” ಎಂದರು ಆಕೆ.

ಆ ಪ್ರಶ್ನೆಗೆ ‘ಹೌದು’ ಎಂದು ಬರೆದರೆ ಪರವಾನಗಿಯ ಬಾಗಿಲು ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆಂದು ನನಗೆ ತಿಳಿದಿತ್ತು. ಮರೆಮಾಚಿ ಪಡೆದ ಪರವಾನಗಿಯನ್ನು 1988ರ ಮೋಟಾರು ವಾಹನ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ರದ್ದುಗೊಳಿಸಬಹುದು, ಅದನ್ನೂ ಹೇಳಬಹುದಿತ್ತು. ಆದರೆ ಆಕೆಯ ಭಯ ಕಾನೂನಿನದಲ್ಲ, ನಮ್ಮದು. ರೋಗಿಯ ಮನೆಯನ್ನು ಕಳಂಕಿತವೆಂಬಂತೆ ನೋಡುವ ನಾವೇ ಅವರಿಂದ ಸುಳ್ಳನ್ನು ಬರೆಸುತ್ತೇವೆ.

ಹಾಗಾಗಿ ಆಕೆಗೆ ಒಂದು ಹದೀಸ್ ಹೇಳಿದೆ. ಇಬ್ನು ಅಬ್ಬಾಸ್(ರ) ತಮ್ಮ ಶಿಷ್ಯ ಅತಾರಿಗೆ ಕಪ್ಪು ಬಣ್ಣದ ಮಹಿಳೆಯೊಬ್ಬರನ್ನು ತೋರಿಸಿ, ಈಕೆ ಸ್ವರ್ಗವಾಸಿ ಎಂದರು. ಆ ಮಹಿಳೆ ಪ್ರವಾದಿವರ್ಯರ(ಸ) ಬಳಿಗೆ ಬಂದು ತನಗೆ ಮೂರ್ಛೆ ಬರುತ್ತದೆಂದು ತಾನೇ ಹೇಳಿ, ಪ್ರಾರ್ಥಿಸಲು ಕೋರಿದ್ದರು. ಸಹನೆ ವಹಿಸಿದರೆ ಸ್ವರ್ಗ, ಬೇಕಾದರೆ ಗುಣವಾಗಲು ಪ್ರಾರ್ಥಿಸುವೆನೆಂದಾಗ ಆಕೆ ಸಹನೆಯನ್ನು ಆರಿಸಿಕೊಂಡರು. ಮೂರ್ಛೆಯಲ್ಲಿ ಬಟ್ಟೆ ಸರಿದು ಮೈ ಕಾಣದಂತೆ ಮಾತ್ರ ಪ್ರಾರ್ಥಿಸಿರೆಂದರು, ಅವರು ಪ್ರಾರ್ಥಿಸಿದರು. ಆ ಸಮಾಜಕ್ಕೆ ಆಕೆಯ ರೋಗ ತಿಳಿದಿತ್ತು; ಅವರನ್ನು ತೋರಿಸಿಕೊಟ್ಟದ್ದು ಸ್ವರ್ಗವಾಸಿಯೆಂದು.

ತಾಯಿ ಏನೂ ಹೇಳಲಿಲ್ಲ. ಹುಡುಗನೇ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ಅರ್ಜಿ ಹೋಗಲಿಲ್ಲ. ಜಮಾಅತಿನ ಕೆಲವರು ಸೇರಿ ಅವನಿಗೆ ಮೊಬೈಲ್ ರಿಪೇರಿ ಕಲಿಯುವ ಏರ್ಪಾಡು ಮಾಡಿದರು. ಈಗ ಬಸ್‌ಸ್ಟ್ಯಾಂಡಿನ ಬಳಿ ಸಣ್ಣ ಅಂಗಡಿ ಇಟ್ಟಿದ್ದಾನೆ. ಆಟೋದಷ್ಟು ಸಂಪಾದನೆ ಇನ್ನೂ ಇಲ್ಲ. ಹೆಣ್ಣು ನೋಡುವ ಮಾತು ಶುರುವಾಗಿದೆ, ರೋಗದ ವಿಷಯವನ್ನು ಮೊದಲೇ ತಿಳಿಸಿ.