ಔರೋರಾಳ ಸಂಸಾರ

ನಮ್ಮ ಕಿರಿಯ ಮಗಳು ಶಿಶುವಿಹಾರದಲ್ಲಿ ಕಲಿತ ಇಂಗ್ಲಿಷ್ ಹಾಡುಗಳಲ್ಲಿ ‘ಬೇಬಿ ಬೆಲೂಗ’ ಎಂಬುದೂ ಒಂದು. ಬಿಳಿಯ ತಿಮಿಂಗಿಲದ ಮರಿಯೊಂದು ತಾಯಿಯ ಜೊತೆ ಕಡಲಿನಲ್ಲಿ ಸ್ವಚ್ಛಂದವಾಗಿ ಈಜಾಡುವುದು ಅದರ ವಸ್ತು. ರಾಗ ಸುಲಭ, ಮಾತು ಸುಲಭ; ಮಕ್ಕಳಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ‘ಆ ಮರಿ ಈಗ ಎಷ್ಟು ದೊಡ್ಡದಾಗಿದೆ ಅಪ್ಪಾ?’ ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಬಿ.ಎ. ಪಾಸು ಮಾಡಿ ಸರ್ಕಾರದ ಅನ್ನ ತಿನ್ನುವವರಾದ ನಾವು ಗೊತ್ತಿಲ್ಲವೆಂದು ಹೇಳಲು ಮನಸ್ಸು ಬಾರದೆ, ಮಾರನೆಯ ದಿನದಿಂದ ಬಿಡುವಾದಾಗಲೆಲ್ಲ ಈ ಬೆಲೂಗದ ಬೆನ್ನುಹತ್ತಿದೆವು.

ಹಾಡು ಕೆನಡಾ ದೇಶದ ರಾಫಿ ಎಂಬ ಗಾಯಕರದು. ಕೈರೋ ನಗರದಲ್ಲಿ ಆರ್ಮೀನಿಯನ್ ಮನೆತನದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಕೆನಡಾಕ್ಕೆ ವಲಸೆ ಹೋದವರು ಇವರು. 1979ರಲ್ಲಿ ವ್ಯಾಂಕೂವರ್ ನಗರದ ಮತ್ಸ್ಯಾಲಯದಲ್ಲಿ ಕಾವ್ನಾ ಎಂಬ ಹೆಣ್ಣು ಬೆಲೂಗವನ್ನು ಕಂಡು ಮಾರುಹೋದರು. ಮರುವರ್ಷ ಹಾಡು ಹೊರಬಂತು. ಆದರೆ ಕಾವ್ನಾ ಇದ್ದದ್ದು ಕಡಲಿನಲ್ಲಲ್ಲ, ಕೊಳದಲ್ಲಿ. ಹಿಡಿದು ತಂದಾಗ ಅವಳು ಗರ್ಭಿಣಿಯಾಗಿದ್ದಳು. 1977ರ ಜುಲೈಯಲ್ಲಿ ಮರಿ ಹುಟ್ಟಿತು. ನಾಲ್ಕು ತಿಂಗಳಿಗೆ ತೀರಿಕೊಂಡಿತು. ಅಂದಮೇಲೆ ಹಾಡು ಹುಟ್ಟುವ ವೇಳೆಗೆ ಆ ತಾಯಿಗೆ ಕಡಲೂ ಇರಲಿಲ್ಲ, ಮರಿಯೂ ಇರಲಿಲ್ಲ. ಇದನ್ನು ಮಗಳಿಗೆ ಹೇಳುವುದು ಹೇಗೆ? ‘ತುಂಬ ದೊಡ್ಡದಾಗಿದೆ’ ಎಂದುಬಿಟ್ಟೆವು.

ಬೆಲೂಗ ಎಂಬ ಹೆಸರು ರಷ್ಯನ್ ಭಾಷೆಯದು. ಬಿಳಿ ಎಂಬ ಅರ್ಥದ ಮಾತಿನಿಂದ ಬಂದದ್ದು. ಮರಿ ಹುಟ್ಟುವಾಗ ಬೂದುಬಣ್ಣ, ವಯಸ್ಸಾದಂತೆ ಬೆಳ್ಳಗಾಗುತ್ತದೆ. ಬೆಳೆದ ಪ್ರಾಣಿ ಹನ್ನೆರಡು ಹದಿನೈದು ಅಡಿ ಉದ್ದ. ಮಂಜುಗಡ್ಡೆಯ ಕೆಳಗೆ ಓಡಾಡುವ ಜೀವವಾದ್ದರಿಂದ ಬೆನ್ನಮೇಲೆ ರೆಕ್ಕೆಯಿಲ್ಲ. ಇತರ ತಿಮಿಂಗಿಲಗಳಲ್ಲಿ ಹೆಚ್ಚಿನವಕ್ಕಿಲ್ಲದ ಒಂದು ಸೌಕರ್ಯ ಇದಕ್ಕುಂಟು: ಕತ್ತಿನ ಎಲುಬುಗಳು ಒಂದಕ್ಕೊಂದು ಬೆಸೆದುಕೊಂಡಿಲ್ಲ, ಆದ್ದರಿಂದ ತಲೆ ತಿರುಗಿಸಿ ನೋಡಬಲ್ಲದು. ಗಾಜಿನ ಈಚೆ ನಿಂತವರಿಗೆ ತಮ್ಮನ್ನು ಮಾತಾಡಿಸಲೆಂದೇ ತಿರುಗಿತೆಂದು ತೋರುತ್ತದೆ. ಬಾಯಿಯ ಅಂಚು ಮೇಲಕ್ಕೆ ಬಾಗಿರುವುದರಿಂದ ಸದಾ ನಗುತ್ತಿರುವಂತೆ ಕಾಣುತ್ತದೆ. ಅದು ನಗುವಲ್ಲ, ಮುಖ ಇರುವುದೇ ಹಾಗೆ. ನಮ್ಮ ಕಚೇರಿಯಲ್ಲೂ ಇಂಥ ಮುಖದವರೊಬ್ಬರಿದ್ದಾರೆ. ಅವರ ಕಷ್ಟವನ್ನು ಯಾರೂ ನಂಬುವುದಿಲ್ಲ.

ಕೆನಡಾದ ಉತ್ತರಕ್ಕೆ ಹಡ್ಸನ್ ಕೊಲ್ಲಿಯ ಪಶ್ಚಿಮ ದಂಡೆಯ ಕಡೆ ಐವತ್ತು ಸಾವಿರಕ್ಕೂ ಮೇಲ್ಪಟ್ಟು ಬೆಲೂಗಗಳಿವೆ. ಬೇಸಗೆ ಬಂತೆಂದರೆ ಅವು ಚರ್ಚಿಲ್ ಮೊದಲಾದ ನದಿಗಳು ಕಡಲು ಸೇರುವ ಕಡೆಗೆ ಮರಿಮಕ್ಕಳೊಂದಿಗೆ ಬರುತ್ತವೆ. ಬೆಲೂಗಗಳು ಇಂಥ ನದೀಮುಖಗಳಲ್ಲಿ ತಳದ ಕಲ್ಲುಗಳಿಗೆ ಮೈ ತಿಕ್ಕಿ ಹಳೆಯ ಚರ್ಮ ಕಳಚಿಕೊಳ್ಳುವುದುಂಟು. ಉಲಿಯುತ್ತ, ಶಿಳ್ಳೆ ಹಾಕುತ್ತ, ಕಿರುಗುಟ್ಟುತ್ತ ಇವು ಮಾಡುವ ಗದ್ದಲ ಕೇಳಿಯೇ ಹಿಂದಿನ ನಾವಿಕರು ಇವನ್ನು ಕಡಲಿನ ಕ್ಯಾನರಿ ಹಕ್ಕಿ ಎಂದು ಕರೆದರು. ಊರ ಜಾತ್ರೆ ಎಂದುಕೊಂಡರೆ ತಪ್ಪಾಗಲಾರದು. ಹಿಡಿಯುವವರಿಗೂ ಈ ಜಾತ್ರೆಯ ಕಾಲವೇ ಅನುಕೂಲ. ದೋಣಿಗಳಲ್ಲಿ ಅಟ್ಟಿಕೊಂಡು ಹೋಗಿ, ನೀರು ತೆಳುವಾಗಿರುವ ಕಡೆ ಹಗ್ಗ ಹಾಕಿ ಹಿಡಿಯುತ್ತಿದ್ದರು.

ಹೀಗೆ 1990ರಲ್ಲಿ ಚರ್ಚಿಲ್ ಬಳಿ ಹಿಡಿದು ವ್ಯಾಂಕೂವರಿಗೆ ತಂದವರಲ್ಲಿ ಔರೋರಾ ಎಂಬವಳೊಬ್ಬಳು. (ದೆಹಲಿಯ ವಾಚಕರು ದಯವಿಟ್ಟು ಅರೋರಾ ಎಂದು ಓದಿಕೊಳ್ಳಬಾರದು.) ಎರಡು ವರ್ಷದ ತರುವಾಯ, 1992ರಲ್ಲಿ, ಕೆನಡಾದ ಕಡಲಿನಲ್ಲಿ ಬೆಲೂಗ ಹಿಡಿಯುವುದು ನಿಂತುಹೋಯಿತು. ಔರೋರಾಳಿಗೆ ಆ ಎರಡು ವರ್ಷ ತಡವಾಯಿತು, ಅಷ್ಟೆ.

ಹಿಡಿದಿಡುವ ಈ ಚಟ ಹೊಸದೇನಲ್ಲ. 1861ರಲ್ಲೇ ಬಾರ್ನಮ್ ಎಂಬ ಪ್ರಸಿದ್ಧ ತಮಾಷೆಗಾರ ಸೇಂಟ್ ಲಾರೆನ್ಸ್ ನದಿಯಿಂದ ಬೆಲೂಗಗಳನ್ನು ತರಿಸಿ, ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯ ತನ್ನ ವಸ್ತುಸಂಗ್ರಹಾಲಯದಲ್ಲಿ ತೊಟ್ಟಿಯೊಳಗೆ ಬಿಟ್ಟಿದ್ದ. ಅವು ಕೆಲವೇ ದಿನದಲ್ಲಿ ಸತ್ತುವು, ಮತ್ತೆ ತರಿಸಿದ. 1865ರ ಜುಲೈಯಲ್ಲಿ ಆ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಎರಡು ಬೆಲೂಗಗಳು ಅದರೊಳಗೇ ಸತ್ತುಹೋದುವು. ಹಿಮದ ಕಡಲಿನ ಜೀವಕ್ಕೆ ಬೆಂಕಿಯಲ್ಲಿ ಸಾವು!

ಬಾರ್ನಮನಿಗೆ ಬೇಕಾದದ್ದು ಟಿಕೆಟ್ಟಿನ ಹಣ. ಆತ ಅದನ್ನು ಮುಚ್ಚಿಡಲೂ ಇಲ್ಲ. ಈಗಿನ ಮತ್ಸ್ಯಾಲಯಗಳವರು ಹಾಗಲ್ಲ. ವೈದ್ಯರಿದ್ದಾರೆ, ವಿಜ್ಞಾನಿಗಳಿದ್ದಾರೆ, ಪ್ರಾಣಿಯ ಮೇಲೆ ನಿಜವಾದ ಪ್ರೀತಿಯಿರುವ ನೌಕರರಿದ್ದಾರೆ. ಚಿಕಾಗೋದ ಶೆಡ್ ಮತ್ಸ್ಯಾಲಯದಲ್ಲಿ 1999ರಲ್ಲಿ ಹುಟ್ಟಿದ ಕಾಯಾವಾಕ್ ಎಂಬ ಮರಿ ಕೆಲವೇ ತಿಂಗಳಲ್ಲಿ ತಾಯಿಯನ್ನು ಕಳೆದುಕೊಂಡಾಗ ಅಲ್ಲಿಯವರು ಸರದಿಯ ಮೇಲೆ ಹಗಲಿರುಳು ಜೊತೆಗಿದ್ದು ಸಾಕಿದರು. ಇಂಥದ್ದನ್ನು ಓದಿದಾಗ ಅವರಿಗೆ ಕೈಮುಗಿಯಬೇಕೆನಿಸುತ್ತದೆ. ಆದರೆ ಕಡಲಿನಿಂದ ತರುವುದು ನಿಂತಮೇಲೆ ಕೊಳ ಬರಿದಾಗದಿರಬೇಕಾದರೆ ಕೊಳದಲ್ಲೇ ಮರಿಗಳಾಗಬೇಕಷ್ಟೆ. ಅಲ್ಲಿಂದಲೇ ಎರಡನೆಯ ಅಧ್ಯಾಯ ಶುರುವಾದದ್ದು.

ಬೆಲೂಗದ ಗರ್ಭಾವಸ್ಥೆ ಹದಿನಾಲ್ಕು ಹದಿನೈದು ತಿಂಗಳು. ಆಮೇಲೆ ಹತ್ತಿರ ಹತ್ತಿರ ಎರಡು ವರ್ಷ ಮೊಲೆಯುಣಿಸಬೇಕು. ಸಂತಾನಕ್ಕೆಂದು ಒಂದು ಮತ್ಸ್ಯಾಲಯದ ಗಂಡನ್ನು ಇನ್ನೊಂದಕ್ಕೆ ಎರವಲು ಕಳಿಸುವ ಪದ್ಧತಿ ಬಂತು. ಪ್ರಾಣಿ ಇರುವುದು ಒಂದು ಕಡೆ, ಒಡೆತನ ಇನ್ನೊಂದು ಕಡೆ. ನಮ್ಮ ಇಲಾಖೆಯವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ನಾವು ಡೆಪ್ಯುಟೇಷನ್ ಎನ್ನುವುದು ಇದನ್ನೇ. ಔರೋರಾಳಂತೆಯೇ 1990ರಲ್ಲಿ ಸೆರೆಸಿಕ್ಕ ನಾನುಕ್ ಎಂಬ ಗಂಡು ವ್ಯಾಂಕೂವರಿನ ಸೊತ್ತಾಗಿದ್ದುಕೊಂಡು, ಎರವಲು ಹೋಗಿ, 2015ರಲ್ಲಿ ಫ್ಲಾರಿಡಾದ ಒರ್ಲ್ಯಾಂಡೋದಲ್ಲಿ ಕಣ್ಣುಮುಚ್ಚಿತು. ನಮ್ಮಲ್ಲಿ ಡೆಪ್ಯುಟೇಷನ್ ಮೇಲೆ ಹೋದವನು ಎಂದಾದರೊಮ್ಮೆ ಮರಳಿ ಬಂದು ತನ್ನ ಕುರ್ಚಿಯಲ್ಲಿ ಕೂಡುತ್ತಾನೆ.

ಔರೋರಾಳಿಗೆ 1995ರಲ್ಲಿ ಕೀಲಾ ಎಂಬ ಮಗಳು ಹುಟ್ಟಿದಳು. ಕೊಳದಲ್ಲಿ ಗರ್ಭ ಕಟ್ಟಿ ಕೊಳದಲ್ಲೇ ಹುಟ್ಟಿದ ಬೆಲೂಗ ಕೆನಡಾದಲ್ಲಿ ಅವಳೇ ಮೊದಲು. 2002ರಲ್ಲಿ ಒಬ್ಬ ಮಗ ಹುಟ್ಟಿದ. ಈ ಮಗನ ದನಿಯನ್ನು ವಿಜ್ಞಾನಿಗಳು ಹುಟ್ಟಿದಂದಿನಿಂದ ಕೇಳಿ ಬರೆದಿಟ್ಟು, 2008ರಲ್ಲಿ ಪ್ರಕಟಿಸಿದರು. ಬೆಲೂಗದ ತಾಯಿ ಮಗುವನ್ನು ಕೂಗಿ ಕರೆಯಲು ಒಂದು ಬಗೆಯ ಕರೆಯುಂಟು. ಮರಿಗೆ ಅದು ಹುಟ್ಟುತ್ತಲೇ ಬರುವುದಿಲ್ಲ; ಮೊದಲು ಬರಿಯ ತೊದಲು. ತಿಂಗಳುಗಳು ಕಳೆದಂತೆ ಆ ತೊದಲು ತಿದ್ದಿಕೊಂಡು ತಾಯಿಯ ಕರೆಯನ್ನೇ ಹೋಲತೊಡಗಿತಂತೆ. ಹಡ್ಸನ್ ಕೊಲ್ಲಿಯಿಂದ ಹಿಡಿದು ತಂದ ಹನ್ನೆರಡು ವರ್ಷದ ಮೇಲೆ, ಸಿಮೆಂಟಿನ ಕೊಳವೊಂದರಲ್ಲಿ, ಔರೋರಾ ಕಡಲು ಕಾಣದ ಮಗನಿಗೆ ತನ್ನ ನುಡಿಯನ್ನು ಕಲಿಸಿದಳು. ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ಊಟದ ಹೊತ್ತಿನಲ್ಲಿ ಮಾತ್ರ ಕನ್ನಡ ಎಂದು ಹೆಣಗುವ ನಮ್ಮ ಮನೆಗಳ ಹೆಂಗಸರಿಗೆ ಇದರ ಶ್ರಮ ಗೊತ್ತು. ನಮ್ಮ ಮನೆಯಾಕೆ ಇದನ್ನು ಕೇಳಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ‘ಆ ಮಗ ಈಗ ಎಲ್ಲಿದ್ದಾನೆ?’ ಎಂದರು. 2005ರಲ್ಲಿ ಹೋದ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇವೆ. 2008ರಲ್ಲಿ ಕೀಲಾಳಿಗೆ ಮಗಳು ಹುಟ್ಟಿ ಔರೋರಾ ಅಜ್ಜಿಯಾದಳು. ಆ ಮೊಮ್ಮಗಳು 2011ರಲ್ಲಿ ಸತ್ತಿತು. 2009ರಲ್ಲಿ ಔರೋರಾ ಇನ್ನೊಂದು ಹೆಣ್ಣು ಹೆತ್ತಳು, ನಾಲಾ ಎಂದು. ಮರುವರ್ಷವೇ ಅದು ಸತ್ತಾಗ ಪರೀಕ್ಷಿಸಿದರೆ ಉಸಿರಿನ ದಾರಿಯಲ್ಲಿ ಕಲ್ಲುಗಳೂ ಒಂದು ನಾಣ್ಯವೂ ಸಿಕ್ಕಿದುವು. ನೀರು ಕಂಡಲ್ಲಿ ಕಾಸೆಸೆಯುವ ಅಭ್ಯಾಸ ಎಲ್ಲ ದೇಶದವರಿಗೂ ಇದೆ. ಯಮುನೆಯ ಸೇತುವೆಯ ಮೇಲೆ ರೈಲು ಬಂದಾಗ ನಾವೂ ಜೇಬಿಗೆ ಕೈಹಾಕುತ್ತೇವೆ. ಕೊನೆಗೆ 2016ರ ನವೆಂಬರ್ 16ರಂದು ಕೀಲಾ ಸತ್ತಳು. ಒಂಬತ್ತು ದಿನದ ಮೇಲೆ, 25ರಂದು, ಔರೋರಾ. ಯಾವುದೋ ವಿಷ ಹೊಟ್ಟೆಗೆ ಸೇರಿರಬೇಕೆಂದು ತೀರ್ಮಾನಿಸಿದರು. ಯಾವ ವಿಷವೆಂದು ಹೇಳಲಾಗಲಿಲ್ಲ. ಮುಂದಿನ ವರ್ಷ ಆ ನಗರದ ಉದ್ಯಾನಮಂಡಲಿ ಇನ್ನು ಹೊಸ ತಿಮಿಂಗಿಲಗಳನ್ನು ತರಕೂಡದೆಂದು ನಿರ್ಬಂಧ ಹಾಕಿತು. ‘ಬೇಬಿ ಬೆಲೂಗ’ದ ಗಾಯಕರೂ ತಿಮಿಂಗಿಲಗಳನ್ನು ಕೊಳದಲ್ಲಿಡಬಾರದೆಂದು ಹೇಳುತ್ತ ಬಂದವರೇ.

ಗುಮಾಸ್ತರಾದ ನಮಗೆ ಇವೆಲ್ಲಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಅಟ್ಲಾಂಟಾ ನಗರದ ಒಂದು ಕಡತ. ಅಲ್ಲಿಯ ಜಾರ್ಜಿಯಾ ಮತ್ಸ್ಯಾಲಯ 2012ರಲ್ಲಿ ಅಮೆರಿಕಾದ ಸರ್ಕಾರಕ್ಕೆ ಅರ್ಜಿ ಹಾಕಿತು: ರಷ್ಯಾದ ಒಖೋಟ್ಸ್ಕ್ ಸಮುದ್ರದಲ್ಲಿ ಹಿಡಿದ ಹದಿನೆಂಟು ಬೆಲೂಗಗಳನ್ನು ತರಿಸಲು ಅಪ್ಪಣೆಯಾಗಬೇಕು, ಇಲ್ಲಿಯ ಕೊಳಗಳಲ್ಲಿರುವವು ಸಂತತಿ ಮುಂದುವರಿಸಲು ಸಾಲವು. ಅರ್ಜಿಯಲ್ಲಿ ಅಡಗಿದ್ದ ಒಪ್ಪಿಗೆಯನ್ನು ಗಮನಿಸಬೇಕು. ಕಡಲಿನಿಂದ ತರುವುದನ್ನು ತಪ್ಪಿಸುವ ಕೊಳದ ಸಂತಾನವನ್ನು ಉಳಿಸಲು ಮತ್ತೆ ಕಡಲಿನಿಂದ ತರಬೇಕು! 2013ರ ಆಗಸ್ಟಿನಲ್ಲಿ ಅಪ್ಪಣೆ ನಿರಾಕರಿಸಲ್ಪಟ್ಟಿತು. ಕಡಲಿನ ಹಿಂಡಿಗೆ ಹಾನಿಯಾದೀತು, ಮತ್ತಷ್ಟು ಹಿಡಿಯಲು ಆಸೆ ಹುಟ್ಟೀತು ಎಂಬ ಕಾರಣಗಳ ಜೊತೆಗೆ ಇನ್ನೊಂದನ್ನೂ ಬರೆದರು: ಹದಿನೆಂಟರಲ್ಲಿ ಐದು, ಹಿಡಿದಾಗ ಸುಮಾರು ಒಂದೂವರೆ ವರ್ಷದವು, ಇನ್ನೂ ತಾಯಿಹಾಲು ಕುಡಿಯುತ್ತಿದ್ದಿರಬಹುದು. ಷರಾ ಬರೆದು ಬರೆದು ಬೆರಳು ಸವೆಸಿದ ನಮಗೆ ಈ ವಾಕ್ಯ ಓದಿದಾಗ, ಕಚೇರಿಯ ಭಾಷೆಯಲ್ಲೂ ಇಂಥದ್ದನ್ನು ಬರೆಯಲಾದೀತಲ್ಲ ಎಂದು ಹೆಮ್ಮೆಯಾಯಿತು. ಮತ್ಸ್ಯಾಲಯ ನ್ಯಾಯಾಲಯಕ್ಕೆ ಹೋಗಿ 2015ರ ಸೆಪ್ಟೆಂಬರಿನಲ್ಲಿ ಸೋತಿತು. ಅದೇ ವರ್ಷ ಅಲ್ಲಿಯ ಮಾರಿಸ್ ಎಂಬ ಬೆಲೂಗ ಹೆತ್ತ ಮರಿ ಒಂದು ತಿಂಗಳು ತುಂಬುವ ಮೊದಲೇ ಹೋಗಿತ್ತು. ಅಕ್ಟೋಬರಿನಲ್ಲಿ ಮಾರಿಸಳೂ ಹೋದಳು.

ನಮ್ಮ ದೇಶದವರೇನೂ ಹಿಂದೆ ಬಿದ್ದಿಲ್ಲ. ಅದೇ 2013ರ ಮೇ ತಿಂಗಳಿನಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಸುತ್ತೋಲೆ ಹೊರಡಿಸಿ, ಡಾಲ್ಫಿನ್ ಪ್ರದರ್ಶನಗಳಿಗೆ ಅನುಮತಿ ಕೊಡಕೂಡದೆಂದು ರಾಜ್ಯಗಳಿಗೆ ತಿಳಿಸಿತು. ಚೆನ್ನೈಯ ಹಳೆಯ ವಾಚಕರಿಗೆ 1998ರಲ್ಲಿ ಹೊರದೇಶದಿಂದ ತಂದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ತೀರಿಕೊಂಡದ್ದು ನೆನಪಿದ್ದೀತು.

ಇನ್ನೊಂದು ಪಕ್ಷದ ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. 2017ರಲ್ಲಿ ಅಲಾಸ್ಕಾದ ಕುಕ್ ಒಳಗಡಲಿನ ದಂಡೆಯಲ್ಲಿ ತಿಂಗಳ ಹಸುಳೆಯಾದ ಬೆಲೂಗವೊಂದು ತಬ್ಬಲಿಯಾಗಿ ಬಿದ್ದಿತ್ತು. ಅಲ್ಲಿ ಉಳಿದಿರುವ ಬೆಲೂಗಗಳೇ ಕೆಲವು ನೂರು. ಅದನ್ನು ಬದುಕಿಸಲು ಚಿಕಾಗೋ, ಅಟ್ಲಾಂಟಾ, ವ್ಯಾಂಕೂವರಿನ ಮತ್ಸ್ಯಾಲಯಗಳವರೆಲ್ಲ ನೆರವಿಗೆ ಹೋದರು. ಮರಿಗೆ ಏನು ಕುಡಿಸಬೇಕು, ಎಷ್ಟು ಹೊತ್ತಿಗೆ ಕುಡಿಸಬೇಕು ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಾದದ್ದು ಕೊಳದಲ್ಲಿ ಹುಟ್ಟಿದ ಮರಿಗಳಿಂದ. ಮರಿ ಬದುಕಿತು. ಕಡಲಿಗೆ ಬಿಡಲು ಬಾರದೆಂದು ತೀರ್ಮಾನವಾಗಿ ಮರುವರ್ಷ ಟೆಕ್ಸಾಸಿನ ಕೊಳಕ್ಕೆ ಹೋಯಿತು. ಕಡಲೇ ಗೊತ್ತಿಲ್ಲದವನ್ನು ಕಡಲಿಗೆ ಬಿಡುವುದು ಬಾಯಲ್ಲಿ ಹೇಳುವಷ್ಟು ಸುಲಭವಲ್ಲ. 2019ರಲ್ಲಿ ಶಾಂಘೈಯಿಂದ ಎರಡು ಬೆಲೂಗಗಳನ್ನು ವಿಮಾನದಲ್ಲಿ ಐಸ್‌ಲ್ಯಾಂಡಿಗೆ ಒಯ್ದು, ಮರುವರ್ಷ ಬಲೆಕಟ್ಟಿದ ಕೊಲ್ಲಿಯೊಂದರಲ್ಲಿ ಇಳಿಸಿದರು. ಹೊಂದಿಕೊಳ್ಳಲಾರದೆ ಮತ್ತೆ ಒಳಗಿನ ಕೊಳಕ್ಕೇ ತರಬೇಕಾಯಿತು.

2019ರ ಜೂನ್‌ನಲ್ಲಿ ಕೆನಡಾ ಕಾನೂನು ಮಾಡಿತು: ಇನ್ನು ತಿಮಿಂಗಿಲಗಳನ್ನು ಹಿಡಿದಿಡಬಾರದು, ಮರಿ ಮಾಡಿಸಬಾರದು, ಈಗಾಗಲೇ ಇರುವವು ಇದ್ದಲ್ಲೇ ಇರಬಹುದು. ಇದ್ದವುಗಳಲ್ಲಿ ಹೆಚ್ಚಿನವು ನಯಾಗರ ಜಲಪಾತದ ಬಳಿಯ ಮರೀನ್‌ಲ್ಯಾಂಡ್ ಎಂಬ ವಿಹಾರಸ್ಥಳದಲ್ಲಿದ್ದುವು. ಕೆಲವು ರಷ್ಯಾದಿಂದ ಬಂದವು, ಕೆಲವು ಅಲ್ಲೇ ಹುಟ್ಟಿದವು. ಯಜಮಾನರು 2018ರಲ್ಲಿ ತೀರಿಕೊಂಡರು; 2024ರ ಬೇಸಗೆಯ ತರುವಾಯ ಬಾಗಿಲು ಮತ್ತೆ ತೆರೆಯಲಿಲ್ಲ. ಕೊಳದಲ್ಲಿ ಮೂವತ್ತು ಬೆಲೂಗಗಳು ಉಳಿದುವು. ಚೀನಾದ ಮತ್ಸ್ಯಾಲಯವೊಂದಕ್ಕೆ ಕಳಿಸಲು ಅಪ್ಪಣೆ ಕೇಳಿದರು. 2025ರ ಅಕ್ಟೋಬರಿನಲ್ಲಿ ಕೆನಡಾದ ಮೀನುಗಾರಿಕೆಯ ಮಂತ್ರಿಗಳು, ಅಲ್ಲಿಯೂ ಇದೇ ಪಾಡು ಮುಂದುವರಿಯುವುದೆಂದು ನಿರಾಕರಿಸಿದರು. ಹಾಗಾದರೆ ಸಾಕಲು ಸರ್ಕಾರವೇ ಹಣ ಕೊಡಲಿ, ಇಲ್ಲವಾದರೆ ಚುಚ್ಚುಮದ್ದು ಕೊಟ್ಟು ಕೊಲ್ಲಬೇಕಾದೀತು ಎಂದು ವಿಹಾರಸ್ಥಳದವರು ಬರೆದರು. ಮಂತ್ರಿಗಳ ಷರಾದಲ್ಲಿ ನಮಗೆ ತಪ್ಪು ಕಾಣಲಿಲ್ಲ. ಕೈಯಲ್ಲಿ ಹಣವಿಲ್ಲವೆಂದು ಬರೆದವರ ಪತ್ರಕ್ಕೂ ಮೇಜಿನ ಮೇಲೆ ಉತ್ತರ ಸಿದ್ಧವಿರಲಿಲ್ಲ. ಬೆಳೆದ ಬೆಲೂಗವೊಂದಕ್ಕೆ ದಿನಕ್ಕೆ ಸುಮಾರು ಇಪ್ಪತ್ತು ಕಿಲೋ ಮೀನು ಬೇಕು. ಮೂವತ್ತಕ್ಕೆ ಆರುನೂರು ಕಿಲೋ. ಪತ್ರಗಳು ಅತ್ತಿತ್ತ ಓಡಾಡುತ್ತಿದ್ದ ಆ ದಿನಗಳಲ್ಲಿಯೂ ಅಲ್ಲಿಯ ನೌಕರರು ಬಾಲ್ದಿಗಳಲ್ಲಿ ಮೀನು ಹೊತ್ತು ಕೊಳದ ಅಂಚಿಗೆ ಹೋಗಲೇಬೇಕಾಗಿತ್ತು.