ಅಂಗೈಯ ಮೇಲಿನ ನ್ಯಾಟ್

ನಾವು ವಿಮಾನದಲ್ಲಿ ಕುಳಿತವರಲ್ಲ. ಆದರೂ ಒಂದು ಕಾಳಗದ ವಿಮಾನಕ್ಕೆ ಬಣ್ಣ ಬಳಿದವರೆಂಬ ಹೆಮ್ಮೆ ನಮಗುಂಟು. ಶಾಲೆಯ ವಸ್ತುಪ್ರದರ್ಶನಕ್ಕಾಗಿ ಐದನೆಯ ತರಗತಿಯ ಮಕ್ಕಳನ್ನು ಕೂಡಿಸಿಕೊಂಡು ಹಾಲೆಮರದಲ್ಲಿ ಕೆತ್ತಿದ ನ್ಯಾಟ್ ಅದು. ಆಟಿ ಅಮಾವಾಸ್ಯೆಯಂದು ನಮ್ಮ ಕಾಸರಗೋಡಿನ ಕಡೆ ಯಾವ ಮರದ ತೊಗಟೆಯ ಕಷಾಯ ಕುಡಿಯುತ್ತಾರೋ ಅದೇ ಮರ. ಹಿಂದೆ ಮಕ್ಕಳು ಬರೆಯುವ ಹಲಗೆಗೂ ಒದಗುತ್ತಿದ್ದ ಮರವಾದುದರಿಂದ ಶಾಲೆಗೆ ಅದು ಹೊಸ ನೆಂಟನೇನೂ ಅಲ್ಲ.

ನ್ಯಾಟ್ ಎಂದರೆ ಗುಂಗುರು ಹುಳು. ಇಂಗ್ಲೆಂಡಿನ ಫಾಲಂಡ್ ಕಂಪೆನಿಯ ಈ ಪುಟ್ಟ ವಿಮಾನ 1955ರಲ್ಲಿ ಮೊದಲು ಹಾರಿತು. ಆಮೇಲೆ ಬೆಂಗಳೂರಿನ ಹಿಂದುಸ್ತಾನ್ ಕಾರ್ಖಾನೆಯಲ್ಲಿಯೂ ತಯಾರಾಯಿತು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಎದುರಿಸಿ ಹೆಸರು ಗಳಿಸಿತು. ಅದರ ಉದ್ದ 8.74 ಮೀಟರು. ನಾವು 72ರಲ್ಲಿ ಒಂದು ಪಾಲಿನ ಅಳತೆ ಹಿಡಿದುದರಿಂದ ನಮ್ಮದು 12 ಸೆಂಟಿಮೀಟರಿಗೆ ನಿಂತಿತು.

ಕೆತ್ತುವುದು ಸುಲಭ, ಕಷ್ಟವಿರುವುದು ಬಣ್ಣದಲ್ಲಿ. ಅರ್ಧ ಮಿಲಿಮೀಟರು ದಪ್ಪದ ಬಣ್ಣದ ಹನಿಯೊಂದು ರೆಕ್ಕೆಯ ಮೇಲೆ ಒಣಗಿತೆನ್ನಿ. ನಿಜವಾದ ವಿಮಾನದಲ್ಲಿ ಅದು 36 ಮಿಲಿಮೀಟರಿನ ಗಂಟು! ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿಸಿದ ಮೇಲೆ ಮಕ್ಕಳು ಕುಂಚವನ್ನು ಹಗುರಾಗಿ ಹಿಡಿಯತೊಡಗಿದರು. ಸೀಮೆಸುಣ್ಣದ ಪುಡಿಯನ್ನು ಮರದ ಅಂಟಿನೊಡನೆ ಕಲಸಿ ಮರದ ರಂಧ್ರಗಳನ್ನು ಮುಚ್ಚಿದೆವು. ಒಣಗಿದ ಮೇಲೆ ಮರಳುಕಾಗದದಿಂದ ಉಜ್ಜಿ, ತೆಳುವಾದ ಬೂದು ಬಣ್ಣ ಕೊಟ್ಟು, ಮತ್ತೆ ಉಜ್ಜಿ, ಕೊನೆಗೆ ಬೆಳ್ಳಿಬಣ್ಣ ಬಳಿದೆವು. ಬೆಳ್ಳಿಬಣ್ಣ ಚಾಡಿಕೋರ, ಅಡಿಯಲ್ಲಿರುವ ಒಂದು ಗೀರನ್ನೂ ಬಚ್ಚಿಡುವುದಿಲ್ಲ. ಸಂಜೆ ಕೋಣೆ ಗುಡಿಸುವಾಗ ಧೂಳು ಕೂರದಂತೆ ಅದರ ಮೇಲೆ ಬಕೆಟನ್ನು ಬೋರಲು ಹಾಕುತ್ತಿದ್ದೆವು.

ಇನ್ನು ಉಳಿದುದು ವಾಯುಪಡೆಯ ಚಕ್ರ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಚಕ್ರದ ನಡುವಿನ ಕೆಂಪು ಬೊಟ್ಟನ್ನು ಜಪಾನಿನ ಕೆಂಪು ಸೂರ್ಯನೆಂದು ಭ್ರಮಿಸಿ ತಮ್ಮವರೇ ಗುಂಡು ಹಾರಿಸಬಾರದೆಂದು ನಮ್ಮ ಕಡೆಯ ರಣರಂಗದಲ್ಲಿ ಅದನ್ನು ಅಳಿಸಿಹಾಕಿದ್ದರು. ಈ ಕಥೆಯನ್ನು ಮಕ್ಕಳಿಗೆ ರಸವತ್ತಾಗಿ ಹೇಳಿದವರು ನಾವೇ. ಬಳಿಕ, “ಧ್ವಜದಲ್ಲಿ ಕೇಸರಿ ಮೇಲಿದೆಯಲ್ಲವೇ? ಹಾಗೆಯೇ ಇಲ್ಲಿ ಹೊರಗೆ ಕೇಸರಿ, ನಡುವೆ ಹಸುರು” ಎಂದು ಅಪ್ಪಣೆ ಕೊಟ್ಟವರೂ ನಾವೇ.

“ಮಾಸ್ತರೇ, ಅಜ್ಜನ ಮನೆಯ ಪಟದಲ್ಲಿ ಹಸುರು ಹೊರಗಿದೆ” ಎಂದ ಒಬ್ಬ ಹುಡುಗ. ಅವನ ಅಜ್ಜ ಬೆಂಗಳೂರಿನ ಆ ಕಾರ್ಖಾನೆಯಲ್ಲಿ ದುಡಿದು ಬಂದವರು.

“ಹಳೆಯ ಪಟ, ಬಣ್ಣ ಕೆಟ್ಟಿರಬೇಕು. ಕೂತುಕೋ” ಎಂದೆವು.

ಅವನು ಕೂತ, ಹೇಳಿದಂತೆ ಆರು ಚಕ್ರಗಳನ್ನೂ ಬರೆದ. ಬಣ್ಣವೊಂದು ಒಣಗದೆ ಮತ್ತೊಂದನ್ನು ಹಚ್ಚುವಂತಿಲ್ಲವಾದುದರಿಂದ ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಪಟವನ್ನೇ ತಂದು ಮೇಜಿನ ಮೇಲಿಟ್ಟು, ಏನೂ ಹೇಳದೆ ನಿಂತ. ಬಣ್ಣ ಕೆಟ್ಟಿರಲಿಲ್ಲ. ಹೊರಗೆ ಹಸುರು, ನಡುವೆ ಬಿಳಿ, ಒಳಗೆ ಕೇಸರಿ.

ತರಗತಿಯ ಮುಂದೆ ನಿಂತು, “ತಪ್ಪು ನಮ್ಮದು, ಇವನದು ಸರಿ” ಎನ್ನುವಾಗ ನಮ್ಮ ಗಂಟಲು ಒಣಗಿತೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಮೇಲೆಯೇ ಬಳಿದರೆ ಗಂಟು ಏಳುವ ಭಯ; ಬೂದು ಬಣ್ಣದವರೆಗೆ ಉಜ್ಜಿ ಮತ್ತೆ ಬರೆಯಬೇಕಾಯಿತು. ಪ್ರದರ್ಶನಕ್ಕೆ ನಾಲ್ಕು ಮಾತ್ರ ಮುಗಿದುವು. ರೆಕ್ಕೆಗಳ ಅಡಿಯ ಎರಡು ಹಾಗೆಯೇ ಉಳಿದುವು. ಬಂದ ಅಧಿಕಾರಿಗಳು ಮೆಚ್ಚಿದರು, ಎತ್ತಿ ನೋಡಲಿಲ್ಲ.

ಮರುದಿನ ಹುಡುಗ ಮರಳುಕಾಗದದ ತುಂಡೊಂದನ್ನು ಹಿಡಿದು ಬಂದ. “ಮಾಸ್ತರೇ, ಅಡಿಯದು ಬಾಕಿ ಇದೆ.” ಡಬ್ಬಿಯಲ್ಲಿ ಹಸುರು ಗಟ್ಟಿಯಾಗಿತ್ತು, ಎರಡು ಹನಿ ಟರ್ಪೆಂಟೈನ್ ಬಿಟ್ಟು ಕದಡತೊಡಗಿದೆವು.